ಬ್ರೌಸರ್ ಬೆರಳಚ್ಚು ಮತ್ತು ಸ್ವರಕ್ಷಣೆಯ ಭ್ರಮೆ

ಅಂತರ್ಜಾಲದಲ್ಲಿ ತನ್ನ ಖಾಸಗಿತನವನ್ನು ಕಾಪಾಡಿಕೊಳ್ಳುವುದು ಬಳಕೆದಾರನ ಕೈಯಲ್ಲೇ ಇದೆ ಎಂಬ ಅಭಿಪ್ರಾಯ ಇಂದು ಯಾರೂ ಪ್ರಶ್ನಿಸದ ತಿಳಿವಳಿಕೆಯಾಗಿ ನೆಲೆಯೂರಿದೆ. ಪತ್ರಿಕೆಗಳ ತಂತ್ರಜ್ಞಾನ ಅಂಕಣಗಳಲ್ಲಿ, ಕಾಲೇಜುಗಳ ಸೈಬರ್ ಜಾಗೃತಿ ಕಾರ್ಯಕ್ರಮಗಳಲ್ಲಿ, ಬ್ರೌಸರ್ ತಯಾರಕರ ಸಹಾಯ ಪುಟಗಳಲ್ಲಿ ಒಂದೇ ಪಾಠ ಮರುಕಳಿಸುತ್ತದೆ: ಕುಕಿಗಳನ್ನು ಆಗಾಗ ಅಳಿಸಬೇಕು, ಅಗತ್ಯ ಬಿದ್ದಾಗ ಇನ್‌ಕಾಗ್ನಿಟೋ ಕಿಟಕಿ ತೆರೆಯಬೇಕು, ವಿಪಿಎನ್ ಬಳಸಬೇಕು, ತನ್ನ ಬ್ರೌಸರ್ ಏನೇನು ಹೊರಗೆಡಹುತ್ತಿದೆ ಎಂಬುದನ್ನು ಪರೀಕ್ಷಾ ತಾಣಗಳಲ್ಲಿ ನೋಡಿಕೊಂಡು ಅದಕ್ಕೆ ತಕ್ಕಂತೆ ಸೆಟ್ಟಿಂಗ್‌ಗಳನ್ನು ತಿದ್ದಿಕೊಳ್ಳಬೇಕು. ಸಲಹೆಯ ರೂಪದಲ್ಲಿರುವ ಈ ಪಾಠದೊಳಗೆ ಒಂದು ತೀರ್ಪೂ ಅಡಗಿದೆ. ಎಚ್ಚರದಿಂದ ಇದ್ದವನು ಸುರಕ್ಷಿತನೆಂದ ಮೇಲೆ, ಮಾಹಿತಿ ಸೋರಿಸಿಕೊಂಡವನು ಎಚ್ಚರ ತಪ್ಪಿದವನೇ ಆಗಿರಬೇಕು ಎಂಬುದು ಆ ತೀರ್ಪು. ಬ್ರೌಸರ್ ಒಂದು ಸಾಧನದ ಬಗ್ಗೆ ಏನನ್ನು, ಯಾರಿಗೆ, ಯಾವ ದಾರಿಯಲ್ಲಿ ತಿಳಿಸುತ್ತದೆ ಎಂಬುದನ್ನು ಆಳಕ್ಕಿಳಿದು ನೋಡಿದರೆ ಈ ತೀರ್ಪು ನಿಲ್ಲುವುದಿಲ್ಲ. ಸೋರಿಕೆಯ ಮೂಲ ಬ್ರೌಸರಿನ ರಚನೆಯಲ್ಲಿದೆ, ಆ ರಚನೆಯಿಂದ ಲಾಭ ಪಡೆಯುವ ವ್ಯವಹಾರದಲ್ಲಿದೆ. ಆದುದರಿಂದ ಅದನ್ನು ನಿಲ್ಲಿಸುವ ಹೊಣೆಯೂ ಅಲ್ಲಿಯೇ ಇರಬೇಕು ಎಂಬುದನ್ನು ಸ್ಥಾಪಿಸುವುದು ಈ ಲೇಖನದ ಉದ್ದೇಶ.

ಖಂಡನೆಗೆ ತೊಡಗುವ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮಂಡಿಸುವುದು ನ್ಯಾಯ. ಅದು ನಾಲ್ಕು ಮಾತುಗಳ ಮೇಲೆ ನಿಂತಿದೆ. ಒಂದು, ಬ್ರೌಸರ್ ಹೊರಗೆ ಹೇಳುವುದು ಪರದೆಯ ಅಳತೆ, ಫಾಂಟ್‌ಗಳ ಹೆಸರು, ಗಡಿಯಾರದ ವಲಯ ಮುಂತಾದ ಯಾಂತ್ರಿಕ ವಿವರಗಳನ್ನೇ ಹೊರತು ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನಲ್ಲ. ಆದ್ದರಿಂದ ಅದರಲ್ಲಿ ವೈಯಕ್ತಿಕವಾದದ್ದೇನೂ ಇಲ್ಲ. ಎರಡು, ಜಾಲತಾಣಗಳು ಜನರನ್ನು ಹಿಂಬಾಲಿಸುವುದು ಕುಕಿಗಳ ಮೂಲಕ, ಅಂದರೆ ತಾಣವೊಂದು ಬಳಕೆದಾರನ ಸಾಧನದಲ್ಲಿ ಬಿಟ್ಟುಹೋಗುವ ಸಣ್ಣ ಗುರುತಿನ ಕಡತಗಳ ಮೂಲಕ. ಅವನ್ನು ಅಳಿಸಿದರೆ ಹಿಂಬಾಲಿಕೆ ಕಡಿದುಹೋಗುತ್ತದೆ. ಮೂರು, ಅದಕ್ಕೂ ಮೀರಿ ಏನಾದರೂ ಸೋರುತ್ತಿದ್ದರೆ ಅದನ್ನು ಪರೀಕ್ಷಿಸುವ ಮತ್ತು ಮರೆಮಾಡುವ ಉಪಕರಣಗಳು ಉಚಿತವಾಗಿಯೇ ಸಿಗುತ್ತವೆ; ಬಳಸದಿದ್ದರೆ ತಪ್ಪು ಬಳಸದವನದು. ನಾಲ್ಕು, ಸಾಧನವನ್ನು ಗುರುತಿಸುವ ವಿದ್ಯೆ ವಂಚಕರನ್ನು ಹಿಡಿಯಲು ಬ್ಯಾಂಕುಗಳಿಗೆ ಬೇಕೇಬೇಕು; ಅದನ್ನು ನಿರ್ಬಂಧಿಸಿದರೆ ಹಾನಿಯಾಗುವುದು ಸಾಮಾನ್ಯ ಗ್ರಾಹಕನಿಗೇ. ಈ ನಾಲ್ಕರಲ್ಲಿ ಒಂದೊಂದರಲ್ಲೂ ಸತ್ಯದ ಅಂಶ ಅಷ್ಟಿಷ್ಟು ಇದೆ, ಮತ್ತು ಇಡೀ ವಾದ ನಂಬಲರ್ಹವಾಗಿ ಕಾಣುವುದು ಆ ಅಂಶದ ಬಲದಿಂದಲೇ.

ಬ್ರೌಸರ್ ಒಂದು ಪುಟವನ್ನು ತೆರೆಯುವಾಗ ಮಾಹಿತಿ ಎರಡು ಹಂತಗಳಲ್ಲಿ ಹೊರಹೋಗುತ್ತದೆ. ಮೊದಲ ಹಂತದಲ್ಲಿ, ಪುಟವನ್ನು ಕಳುಹಿಸೆಂದು ಸರ್ವರಿಗೆ ಸಲ್ಲಿಸುವ ಕೋರಿಕೆಯ ತಲೆಭಾಗದಲ್ಲೇ ಕೆಲವು ಸಾಲುಗಳಿರುತ್ತವೆ: ಬ್ರೌಸರಿನ ಹೆಸರು, ಆವೃತ್ತಿ ಮತ್ತು ಅದು ಓಡುತ್ತಿರುವ ಆಪರೇಟಿಂಗ್ ಸಿಸ್ಟಂ ಯಾವುದೆಂದು ಹೇಳುವ ಯೂಸರ್ ಏಜೆಂಟ್ ಸಾಲು, ಬಳಕೆದಾರ ಯಾವ ಭಾಷೆಗಳನ್ನು ಯಾವ ಕ್ರಮದಲ್ಲಿ ಬಯಸುತ್ತಾನೆಂದು ಹೇಳುವ ಸಾಲು, ಇನ್ನೂ ಕೆಲವು. ಇವನ್ನು ಪಡೆಯಲು ತಾಣ ಏನೂ ಮಾಡಬೇಕಿಲ್ಲ. ಐಪಿ ವಿಳಾಸದ ಜೊತೆಗೇ ಅವು ತಾವಾಗಿ ಬಂದು ಸೇರುತ್ತವೆ. ಎರಡನೆಯ ಹಂತದಲ್ಲಿ, ಪುಟದೊಡನೆ ಬಂದ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಭಾಷೆಯ ಆದೇಶಗಳು ಬ್ರೌಸರನ್ನೇ ಪ್ರಶ್ನಿಸತೊಡಗುತ್ತವೆ: ಪರದೆ ಎಷ್ಟು ಅಗಲ, ಪ್ರೊಸೆಸರಿನಲ್ಲಿ ಎಷ್ಟು ಕೋರ್‌ಗಳಿವೆ, ಮೆಮೊರಿ ಅಂದಾಜು ಎಷ್ಟು, ಟಚ್ ಪರದೆ ಇದೆಯೇ, ಗ್ರಾಫಿಕ್ಸ್ ಚಿಪ್ ಯಾವ ಕಂಪನಿಯದು, ಗಡಿಯಾರ ಯಾವ ವಲಯದಲ್ಲಿದೆ. ಇಂಥ ಬಹುತೇಕ ಪ್ರಶ್ನೆಗಳಿಗೆ ಬ್ರೌಸರ್ ಬಳಕೆದಾರನ ಅನುಮತಿ ಕೇಳದೆಯೇ ಉತ್ತರಿಸುತ್ತದೆ. ಕ್ಯಾಮೆರಾ, ಮೈಕ್ ಅಥವಾ ಇರುವ ಸ್ಥಳವನ್ನು ತಾಣ ಕೇಳಿದಾಗ ಅನುಮತಿಯ ಚೌಕಟ್ಟು ಮೂಡುವುದನ್ನು ಕಂಡವರಿಗೆ, ಚೌಕಟ್ಟು ಮೂಡದಿದ್ದಾಗ ಏನೂ ಹೊರಹೋಗುತ್ತಿಲ್ಲ ಎಂಬ ತಪ್ಪು ಭಾವನೆ ಬರುವುದು ಸಹಜ.

ಕೇಳಿ ಪಡೆಯಲಾಗದ್ದನ್ನು ಅಳೆದು ಪಡೆಯುವ ವಿದ್ಯೆ ಇದಕ್ಕಿಂತ ಸೂಕ್ಷ್ಮವಾದದ್ದು. ಸಾಧನದಲ್ಲಿರುವ ಫಾಂಟ್‌ಗಳ ಪಟ್ಟಿಯನ್ನು ಬ್ರೌಸರ್ ನೇರವಾಗಿ ಕೊಡದಿದ್ದರೂ, ಒಂದೇ ಪದವನ್ನು ಬೇರೆ ಬೇರೆ ಫಾಂಟ್‌ಗಳ ಹೆಸರಿನಲ್ಲಿ ಕಣ್ಣಿಗೆ ಕಾಣದಂತೆ ಬರೆಸಿ ಅದರ ಅಗಲವನ್ನು ಅಳೆದರೆ, ಅಗಲ ಬದಲಾದಲ್ಲೆಲ್ಲ ಆ ಫಾಂಟ್ ಸಾಧನದಲ್ಲಿದೆ ಎಂದು ತಿಳಿಯುತ್ತದೆ. ಪುಟದಲ್ಲಿ ಚಿತ್ರ ಬಿಡಿಸಲೆಂದು ಬ್ರೌಸರ್‌ಗಳು ಒದಗಿಸಿರುವ ಕ್ಯಾನ್ವಾಸ್ ಎಂಬ ಸೌಲಭ್ಯವನ್ನು ಇದೇ ಕೆಲಸಕ್ಕೆ ತಿರುಗಿಸಬಹುದೆಂದು ಕೀಟನ್ ಮೋವರಿ ಮತ್ತು ಹೊವಾವ್ ಶಾಚಮ್ ಎಂಬ ಸಂಶೋಧಕರು 2012ರಲ್ಲಿ ತೋರಿಸಿದರು. ಒಂದೇ ಆದೇಶದಿಂದ ಬಿಡಿಸಿದ ಚಿತ್ರವಾದರೂ ಗ್ರಾಫಿಕ್ಸ್ ಚಿಪ್, ಅದನ್ನು ನಡೆಸುವ ಡ್ರೈವರ್, ಅಕ್ಷರಗಳ ಅಂಚನ್ನು ನಯಗೊಳಿಸುವ ಕ್ರಮ ಇವುಗಳಿಗೆ ತಕ್ಕಂತೆ ಪಿಕ್ಸೆಲ್‌ಗಳಲ್ಲಿ ಅತಿ ಸಣ್ಣ ವ್ಯತ್ಯಾಸ ಉಳಿಯುತ್ತದೆ. ಮನುಷ್ಯರ ಕಣ್ಣಿಗೆ ಕಾಣದ ಆ ವ್ಯತ್ಯಾಸವನ್ನು ಪ್ರೋಗ್ರಾಂ ಸುಲಭವಾಗಿ ಓದಿಕೊಳ್ಳುತ್ತದೆ. 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಟೀವನ್ ಇಂಗಲ್‌ಹಾರ್ಟ್ ಮತ್ತು ಅರವಿಂದ ನಾರಾಯಣನ್ ಹತ್ತು ಲಕ್ಷ ಜಾಲತಾಣಗಳನ್ನು ಪರಿಶೀಲಿಸಿದಾಗ, ಧ್ವನಿಯ ಸಂಸ್ಕರಣೆಯಲ್ಲಿನ ಇಂಥದೇ ವ್ಯತ್ಯಾಸವನ್ನು ಬಳಸುವ ತಾಣಗಳೂ ಪತ್ತೆಯಾದವು. ಈ ಎಲ್ಲ ವಿವರಗಳನ್ನು ಒಟ್ಟುಗೂಡಿಸಿ ಒಂದು ಸಂಕೇತವಾಗಿ ಇಳಿಸಿದಾಗ ಸಿಗುವುದನ್ನೇ ಬ್ರೌಸರ್ ಬೆರಳಚ್ಚು ಅಥವಾ ಫಿಂಗರ್‌ಪ್ರಿಂಟ್ ಎನ್ನುತ್ತಾರೆ.

ಪೂರ್ವಪಕ್ಷದ ಮೊದಲ ಮಾತು ಇಲ್ಲಿಯೇ ಸಡಿಲಗೊಳ್ಳುತ್ತದೆ. ಬಿಡಿಬಿಡಿಯಾಗಿ ಈ ವಿವರಗಳಲ್ಲಿ ಯಾವುದೂ ಯಾರನ್ನೂ ಗುರುತಿಸುವುದಿಲ್ಲ ಎಂಬುದು ನಿಜ. ಆದರೆ ಗುರುತು ಹುಟ್ಟುವುದು ವಿವರಗಳ ಕೂಟದಿಂದ. ಅಂಚೆ ಸಂಖ್ಯೆ, ಜನ್ಮದಿನಾಂಕ ಮತ್ತು ಲಿಂಗ ಎಂಬ ಮೂರೇ ವಿವರಗಳು ಅಮೆರಿಕದ ಜನಸಂಖ್ಯೆಯ ಶೇ. 87ರಷ್ಟು ಮಂದಿಯನ್ನು ಪ್ರತ್ಯೇಕಿಸಲು ಸಾಕೆಂದು ಲತಾನ್ಯಾ ಸ್ವೀನಿ 2000ದಲ್ಲಿ ಅಂದಾಜಿಸಿದ್ದರು. ಮಾಹಿತಿ ಸಿದ್ಧಾಂತದಲ್ಲಿ ಇಂಥ ಗುರುತಿಸುವ ಶಕ್ತಿಯನ್ನು ಬಿಟ್‌ಗಳಲ್ಲಿ ಅಳೆಯುತ್ತಾರೆ. ಗುಂಪನ್ನು ಅರ್ಧಕ್ಕಿಳಿಸುವ ವಿವರಕ್ಕೆ ಒಂದು ಬಿಟ್‌ನ ತೂಕ, ಮತ್ತು ಜಗತ್ತಿನ 800 ಕೋಟಿ ಜನರಲ್ಲಿ ಒಬ್ಬರನ್ನು ಬೇರ್ಪಡಿಸಲು 33 ಬಿಟ್‌ಗಳು ಸಾಕು. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯಲ್ಲಿದ್ದ ಪೀಟರ್ ಎಕರ್ಸ್ಲಿ 2010ರಲ್ಲಿ ಪ್ಯಾನೊಪ್ಟಿಕ್ಲಿಕ್ ಎಂಬ ಪರೀಕ್ಷಾ ತಾಣಕ್ಕೆ ಬಂದ 4,70,161 ಬ್ರೌಸರ್‌ಗಳನ್ನು ಅಳೆದಾಗ, ಬೆರಳಚ್ಚಿನಲ್ಲಿ ಕನಿಷ್ಠ 18.1 ಬಿಟ್‌ಗಳಷ್ಟು ಮಾಹಿತಿ ಇರುವುದೂ, ಅವುಗಳಲ್ಲಿ ಶೇ. 83.6ರಷ್ಟು ಬ್ರೌಸರ್‌ಗಳ ಬೆರಳಚ್ಚು ಆ ಸಂಗ್ರಹದಲ್ಲಿ ಬೇರೆ ಯಾವುದನ್ನೂ ಹೋಲದಿರುವುದೂ ಕಂಡುಬಂತು. ಹೆಸರಿನ ಕೊರತೆಯೂ ಬಹಳ ಕಾಲ ಉಳಿಯುವುದಿಲ್ಲ. ಅದೇ ಬೆರಳಚ್ಚಿನ ಸಾಧನದಿಂದ ಒಮ್ಮೆ ಎಲ್ಲಾದರೂ ಮಿಂಚಂಚೆ ವಿಳಾಸ ಕೊಟ್ಟು ಲಾಗಿನ್ ಆದರೆ, ಅಲ್ಲಿಯವರೆಗೆ ಅನಾಮಧೇಯವಾಗಿ ಶೇಖರವಾದ ಓಡಾಟದ ಚರಿತ್ರೆಯೆಲ್ಲ ಆ ವಿಳಾಸಕ್ಕೆ ಜೋಡಣೆಯಾಗಲು ಅಡ್ಡಿಯಿಲ್ಲ.

ಈ ಅಂಕಿಗಳು ಉತ್ಪ್ರೇಕ್ಷಿತ ಎಂಬ ಆಕ್ಷೇಪವೊಂದಿದೆ, ಮತ್ತು ಅದು ತಳ್ಳಿಹಾಕುವಂಥದ್ದಲ್ಲ. ಪರೀಕ್ಷಾ ತಾಣಕ್ಕೆ ಹೋಗುವವರು ತಂತ್ರಜ್ಞಾನದಲ್ಲಿ ಆಸಕ್ತಿ ಇರುವವರಾದ್ದರಿಂದ ಅವರ ಸಾಧನಗಳೂ ವಿಶಿಷ್ಟವಾಗಿರುತ್ತವೆ. ಅದೂ ಅಲ್ಲದೆ ಸಂಗ್ರಹ ದೊಡ್ಡದಾದಷ್ಟೂ ಸರಿಸಾಟಿ ಸಿಗುವ ಸಂಭವ ಹೆಚ್ಚು. ಫ್ರಾನ್ಸಿನ ಸಂಶೋಧಕರು ನಡೆಸಿದ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟ. ಆಸಕ್ತರೇ ಬಂದು ಪರೀಕ್ಷಿಸಿಕೊಂಡ 1,18,934 ಬೆರಳಚ್ಚುಗಳ 2016ರ ಅಧ್ಯಯನದಲ್ಲಿ ಶೇ. 89.4 ಅನನ್ಯವಾಗಿದ್ದರೆ, ಫ್ರಾನ್ಸಿನ ಜನಪ್ರಿಯ ತಾಣವೊಂದರ ಸಾಮಾನ್ಯ ಓದುಗರಿಂದ ಸಂಗ್ರಹಿಸಿದ 20 ಲಕ್ಷಕ್ಕೂ ಹೆಚ್ಚು ಬೆರಳಚ್ಚುಗಳ 2018ರ ಅಧ್ಯಯನದಲ್ಲಿ ಆ ಪ್ರಮಾಣ ಶೇ. 33.6ಕ್ಕೆ, ಮೊಬೈಲ್ ಫೋನ್‌ಗಳಲ್ಲಂತೂ ಶೇ. 18.5ಕ್ಕೆ ಇಳಿಯಿತು. ಆದರೆ ಈ ಇಳಿಕೆ ಪೂರ್ವಪಕ್ಷಕ್ಕೆ ಆಸರೆ ಕೊಡುವುದಿಲ್ಲ. ಇಪ್ಪತ್ತು ಲಕ್ಷದಲ್ಲಿ ಮೂರನೆಯ ಒಂದು ಭಾಗ ಒಂದೇ ನೋಟಕ್ಕೆ ಪ್ರತ್ಯೇಕವಾಗಿ ಕಾಣಿಸುತ್ತದೆ ಎಂಬುದೇ ಸಣ್ಣ ಮಾತಲ್ಲ. ಉಳಿದವರಲ್ಲಿ ಅನೇಕರು ಕೆಲವೇ ಮಂದಿಯ ಗುಂಪಿನಲ್ಲಿದ್ದು, ಐಪಿ ವಿಳಾಸವೊಂದು ಸೇರಿದರೆ ಬೇರ್ಪಡುವವರು. ಇನ್ನೊಂದು ಸಂಗತಿ ಮತ್ತೂ ಮುಖ್ಯ. ಈ ಅಧ್ಯಯನಗಳ ನಡುವೆ ಜನಸಮೂಹ ಬದಲಾದದ್ದು ಮಾತ್ರವಲ್ಲದೆ, ಹಿಂದೆ ಬಹಳಷ್ಟು ವಿವರ ಬಿಟ್ಟುಕೊಡುತ್ತಿದ್ದ ಫ್ಲ್ಯಾಶ್ ಮತ್ತು ಜಾವಾ ಪ್ಲಗಿನ್‌ಗಳು ಬ್ರೌಸರ್‌ಗಳಿಂದ ಮರೆಯಾಗುತ್ತ ಬಂದಿದ್ದವು. ಆ ಮಟ್ಟಿಗೆ ಸೋರಿಕೆ ತಗ್ಗಿದ್ದು ತಯಾರಕರು ರಚನೆಯನ್ನು ಬದಲಿಸಿದ್ದರಿಂದ. ಬಳಕೆದಾರರ ಜಾಗೃತಿಗೆ ಅದರಲ್ಲಿ ಪಾತ್ರವಿರಲಿಲ್ಲ.

ಕುಕಿ ಅಳಿಸಿದರೆ ಸಾಕೆಂಬ ಎರಡನೆಯ ಮಾತು ಹಳೆಯ ಕಾಲದ ಮಟ್ಟಿಗೆ ಸರಿಯಾಗಿತ್ತು. ಕುಕಿ ಸಾಧನದೊಳಗೆ ಕುಳಿತಿರುವ ವಸ್ತು. ಅದನ್ನು ನೋಡಬಹುದು, ಅಳಿಸಬಹುದು. ಬೆರಳಚ್ಚು ಸಾಧನದಲ್ಲಿ ಏನನ್ನೂ ಇಡುವುದಿಲ್ಲ. ಅದನ್ನು ಲೆಕ್ಕಹಾಕಿ ಇಟ್ಟುಕೊಳ್ಳುವುದು ದೂರದ ಸರ್ವರಿನಲ್ಲಿ, ಆದ್ದರಿಂದ ಬಳಕೆದಾರನಿಗೆ ಅಳಿಸಲು ಏನೂ ಇರುವುದಿಲ್ಲ. ಬ್ರೌಸರಿನ ಆವೃತ್ತಿ ಬದಲಾದಾಗ ಬೆರಳಚ್ಚೂ ಬದಲಾಗುವುದರಿಂದ ಗುರುತು ತಪ್ಪುತ್ತದೆ ಎಂಬ ಸಮಾಧಾನವೂ ಉಳಿಯುವುದಿಲ್ಲ, ಏಕೆಂದರೆ ಎಕರ್ಸ್ಲಿ ಬಳಸಿದ ಸರಳ ಲೆಕ್ಕಾಚಾರವೊಂದೇ ಬದಲಾದ ಬೆರಳಚ್ಚನ್ನು ಹಳೆಯದಕ್ಕೆ ಜೋಡಿಸಲು ಮಾಡಿದ ಊಹೆಗಳಲ್ಲಿ ಶೇ. 99.1ರಷ್ಟನ್ನು ಸರಿಯಾಗಿ ಮಾಡಿತ್ತು. ಕುಕಿಗಳಿಗೆ ತಡೆ ಬಿಗಿಯಾಗುತ್ತ ಹೋದ ಅವಧಿಯಲ್ಲೇ ಈ ವಿದ್ಯೆ ಹಬ್ಬಿತು ಎಂಬುದನ್ನೂ ಗಮನಿಸಬೇಕು. ಅತಿ ಹೆಚ್ಚು ಜನ ಭೇಟಿ ಕೊಡುವ ಒಂದು ಲಕ್ಷ ತಾಣಗಳಲ್ಲಿ ಕ್ಯಾನ್ವಾಸ್ ವಿಧಾನ ಬಳಸುತ್ತಿದ್ದವು ಶೇ. 5.5 ಎಂದು 2014ರ ಅಧ್ಯಯನ ಹೇಳಿದರೆ, 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅದೇ ಗಾತ್ರದ ಪಟ್ಟಿಯಲ್ಲಿ ಶೇ. 10ಕ್ಕೂ ಹೆಚ್ಚು ತಾಣಗಳಲ್ಲಿ, ಮೊದಲ ಹತ್ತು ಸಾವಿರದಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ತಾಣಗಳಲ್ಲಿ ಒಂದಲ್ಲ ಒಂದು ಬಗೆಯ ಬೆರಳಚ್ಚು ಸಂಗ್ರಹವನ್ನು ಕಂಡಿತು. ಎರಡೂ ಅಳೆದದ್ದು ಒಂದನ್ನೇ ಅಲ್ಲವಾದರೂ, ದಿಕ್ಕು ಯಾವುದೆಂಬುದು ಅಸ್ಪಷ್ಟವಲ್ಲ.

ಇನ್‌ಕಾಗ್ನಿಟೋ ಕಿಟಕಿಯ ಬಗೆಗಿನ ನಂಬಿಕೆ ಇದಕ್ಕಿಂತ ದೊಡ್ಡ ಭ್ರಮೆ. ಆ ಕಿಟಕಿಯನ್ನು ಮುಚ್ಚಿದಾಗ ಭೇಟಿ ಕೊಟ್ಟ ಪುಟಗಳ ಪಟ್ಟಿಯೂ ಕುಕಿಗಳೂ ಆ ಸಾಧನದಲ್ಲಿ ಉಳಿಯುವುದಿಲ್ಲ. ಅದೇ ಕಂಪ್ಯೂಟರನ್ನು ಬಳಸುವ ಮನೆಯವರ ಕಣ್ಣಿನಿಂದ ಮರೆಮಾಡುವ ಮಟ್ಟಿಗೆ ಅದು ಉಪಯುಕ್ತ. ಹೊರಗಿನ ತಾಣಕ್ಕೆ ಹೋಗುವ ಐಪಿ ವಿಳಾಸ, ಪರದೆ, ಗ್ರಾಫಿಕ್ಸ್ ಚಿಪ್, ಗಡಿಯಾರದ ವಲಯಗಳನ್ನು ಅದು ಬದಲಿಸುವುದಿಲ್ಲ. ಈ ಮೋಡ್‌ನಲ್ಲಿದ್ದವರ ಓಡಾಟವನ್ನೂ ಸಂಗ್ರಹಿಸಲಾಯಿತೆಂದು ಗೂಗಲ್ ವಿರುದ್ಧ 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೂಡಿದ ಸಾಮೂಹಿಕ ಮೊಕದ್ದಮೆ ರಾಜಿಯಾದಾಗ, ಶತಕೋಟಿಗಟ್ಟಲೆ ದಾಖಲೆಗಳನ್ನು ನಾಶಪಡಿಸಲು ಮತ್ತು ಆ ಕಿಟಕಿಯಲ್ಲಿ ಕಾಣುವ ಎಚ್ಚರಿಕೆಯನ್ನು ತಿದ್ದಲು ಸಂಸ್ಥೆ ಒಪ್ಪಿದ ವಿವರ 2024ರ ಏಪ್ರಿಲ್‌ನಲ್ಲಿ ನ್ಯಾಯಾಲಯದ ಮುಂದೆ ಬಂತು. ವಿಪಿಎನ್ ಕೂಡ ಬದಲಿಸುವುದು ಐಪಿ ವಿಳಾಸವೊಂದನ್ನೇ. ವಿಳಾಸ ನೆದರ್‌ಲ್ಯಾಂಡ್ಸ್‌ನದಾಗಿದ್ದು ಗಡಿಯಾರ ಭಾರತದ ವೇಳೆ ಹೇಳುತ್ತಿದ್ದರೆ, ಆ ಹೊಂದಿಕೆಯಿಲ್ಲದ ಜೋಡಿಯೇ ಮತ್ತೊಂದು ಗುರುತಾಗುತ್ತದೆ.

ಪರೀಕ್ಷಿಸಿಕೊಂಡು ಮರೆಮಾಡಿಕೊಳ್ಳಬೇಕೆಂಬ ಮೂರನೆಯ ಮಾತೇ ಇಡೀ ವಾದದ ತಿರುಳು, ಮತ್ತು ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ಬೆರಳಚ್ಚಿನ ಲೋಕದಲ್ಲಿ ರಕ್ಷಣೆ ದೊರೆಯುವುದು ಇತರರಂತೆಯೇ ಕಾಣುವುದರಿಂದ; ಬೇರೆಯಾಗಿ ಏನನ್ನೇ ಮಾಡಿದರೂ ಅದು ಹೊಸ ಗುರುತಾಗುತ್ತದೆ. ಸಂತೆಗೆ ಮುಖ ಮುಚ್ಚಿಕೊಂಡು ಬಂದವನು ಒಬ್ಬನೇ ಆದರೆ ಎಲ್ಲರ ಕಣ್ಣೂ ಅವನ ಮೇಲೆಯೇ ಬೀಳುವಂತೆ, ಸುಳ್ಳು ಯೂಸರ್ ಏಜೆಂಟ್ ಹೇಳಿಸುವ ಎಕ್ಸ್‌ಟೆನ್ಷನ್ ಎಂಬ ಕಿರು ತಂತ್ರಾಂಶವನ್ನು ಹಾಕಿಕೊಂಡ ಬ್ರೌಸರ್ ಎದ್ದು ಕಾಣುತ್ತದೆ. ನಿಕ್ ನಿಕಿಫೊರಾಕಿಸ್ ಮತ್ತು ಸಂಗಡಿಗರು 2013ರಲ್ಲಿ ಇಂಥ ಎಕ್ಸ್‌ಟೆನ್ಷನ್‌ಗಳನ್ನು ಪರೀಕ್ಷಿಸಿದಾಗ, ಅವು ಒಂದು ಕಡೆ ಹೇಳಿದ ಸುಳ್ಳಿಗೆ ಇನ್ನೊಂದು ಕಡೆಯ ನಿಜ ತಾಳೆಯಾಗದೆ, ಹಾಕಿಕೊಳ್ಳದವರಿಗಿಂತ ಹಾಕಿಕೊಂಡವರನ್ನೇ ಸುಲಭವಾಗಿ ಪತ್ತೆಹಚ್ಚುವಂತೆ ಮಾಡುತ್ತಿದ್ದುದು ಕಂಡುಬಂತು. ‘ನನ್ನನ್ನು ಹಿಂಬಾಲಿಸಬೇಡಿ’ ಎಂದು ತಾಣಗಳಿಗೆ ಸೂಚಿಸುವ ಡು ನಾಟ್ ಟ್ರ್ಯಾಕ್ ಎಂಬ ಸೆಟ್ಟಿಂಗ್‌ನ ಗತಿ ಇದಕ್ಕಿಂತ ವಿಷಾದಕರ. ಅದನ್ನು ಪಾಲಿಸಬೇಕೆಂಬ ಕಟ್ಟುಪಾಡು ಬಹುತೇಕ ತಾಣಗಳಿಗೆ ಇರಲಿಲ್ಲವಾದ್ದರಿಂದ ಕೋರಿಕೆ ವ್ಯರ್ಥವಾಯಿತು. ಅಷ್ಟಕ್ಕೆ ನಿಲ್ಲದೆ, ಕೋರಿಕೆ ಇಟ್ಟವರು ಯಾರು ಎಂಬುದೇ ಬೆರಳಚ್ಚಿನ ಒಂದು ಅಂಶವಾಗಬಹುದೆಂಬ ಕಾರಣ ಕೊಟ್ಟು ಆ್ಯಪಲ್ 2019ರಲ್ಲಿ ತನ್ನ ಸಫಾರಿ ಬ್ರೌಸರಿನಿಂದ ಅದನ್ನು ತೆಗೆದುಹಾಕಿತು. ಖಾಸಗಿತನ ಬೇಕೆಂದು ಕೇಳಿದ್ದೇ ಖಾಸಗಿತನಕ್ಕೆ ಕುತ್ತಾಗುವ ವ್ಯವಸ್ಥೆಯಲ್ಲಿ ವ್ಯಕ್ತಿಯ ಎಚ್ಚರಕ್ಕೆ ಎಷ್ಟು ಬೆಲೆ ಇರಬಲ್ಲದು?

ಇದರ ಜೊತೆಗೆ, ಈ ಸಲಹೆಗಳನ್ನು ಪಾಲಿಸುವ ಶಕ್ತಿಯೇ ಎಲ್ಲರಿಗೂ ಇಲ್ಲ. ಭಾರತದಲ್ಲಿ ಬಹುಪಾಲು ಜನ ಅಂತರ್ಜಾಲವನ್ನು ನೋಡುವುದು ಆಂಡ್ರಾಯ್ಡ್ ಫೋನಿನಲ್ಲಿ, ಅದರ ಜೊತೆಗೇ ಬಂದ ಕ್ರೋಮ್ ಬ್ರೌಸರಿನಲ್ಲಿ. ಫೋನಿನ ಆ ಕ್ರೋಮ್‌ಗೆ ಎಕ್ಸ್‌ಟೆನ್ಷನ್‌ಗಳನ್ನು ಸೇರಿಸುವ ಸೌಲಭ್ಯವೇ ಇಲ್ಲ. ಜಾವಾಸ್ಕ್ರಿಪ್ಟನ್ನು ಪೂರ್ತಿಯಾಗಿ ನಿಲ್ಲಿಸಿದರೆ ಬ್ಯಾಂಕಿನ ಪುಟ, ರೈಲು ಟಿಕೆಟಿನ ಪುಟ, ಸರ್ಕಾರಿ ಅರ್ಜಿಯ ಪುಟ ಯಾವುದೂ ನೆಟ್ಟಗೆ ನಡೆಯುವುದಿಲ್ಲ. ಸಲಹೆ ಕೊಡುವವರು ಕಣ್ಣ ಮುಂದೆ ಇಟ್ಟುಕೊಂಡಿರುವುದು ಸ್ವಂತ ಲ್ಯಾಪ್‌ಟಾಪ್, ಬಿಡುವಿನ ವೇಳೆ, ಇಂಗ್ಲಿಷ್ ಓದುವ ಅಭ್ಯಾಸ ಇರುವ ಒಬ್ಬ ಬಳಕೆದಾರನನ್ನು. ಉಳಿದವರ ಪಾಲಿಗೆ ಆ ಸಲಹೆ ಕೈಗೆಟುಕದ ನೀತಿಬೋಧೆಯಾಗಿಯೇ ಉಳಿಯುತ್ತದೆ.

ಭಾಷೆಯ ವಿಷಯದಲ್ಲಿ ಈ ಅಸಮಾನತೆ ಇನ್ನೂ ಢಾಳಾಗಿ ಕಾಣುತ್ತದೆ. ಭಾರತಕ್ಕೆಲ್ಲ ಒಂದೇ ವೇಳಾವಲಯ ಇರುವುದರಿಂದ ಗಡಿಯಾರದ ವಿವರ ಇಲ್ಲಿನವರನ್ನು ದೊಡ್ಡ ಗುಂಪಿನಲ್ಲೇ ಉಳಿಸುತ್ತದೆ. ಆದರೆ ಬ್ರೌಸರಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡವರ ಪ್ರತಿ ಕೋರಿಕೆಯೂ ಕನ್ನಡದ ಸಂಕೇತವನ್ನು ಹೊತ್ತೊಯ್ಯುತ್ತದೆ. ಇಂಗ್ಲಿಷ್ ಸೆಟ್ಟಿಂಗ್ ಇರುವವನು ಜಗತ್ತಿನ ಕೋಟ್ಯಂತರ ಜನರೊಳಗೆ ಕಳೆದುಹೋಗುತ್ತಾನೆ, ಕನ್ನಡದ ಸೆಟ್ಟಿಂಗ್ ಇರುವವನು ಅದಕ್ಕಿಂತ ಬಹಳ ಚಿಕ್ಕ ಗುಂಪಿಗೆ ಸೇರುತ್ತಾನೆ. ಅಂಥವನು ಜರ್ಮನಿಯಲ್ಲೋ ಕೊಲ್ಲಿಯಲ್ಲೋ ನೆಲೆಸಿದ್ದರೆ, ಕನ್ನಡ ಮತ್ತು ಅಲ್ಲಿನ ವೇಳಾವಲಯ ಎಂಬ ಎರಡೇ ವಿವರಗಳು ಅವನನ್ನು ಬೆರಳೆಣಿಕೆಯ ಗುಂಪಿಗೆ ಇಳಿಸಬಹುದು. ಫಾಂಟ್‌ಗಳ ಕಥೆಯೂ ಇದೇ. ವಿಂಡೋಸ್ ಜೊತೆಗೇ ಬರುವ ಕನ್ನಡ ಫಾಂಟ್ ಯಾರನ್ನೂ ಎತ್ತಿ ತೋರಿಸುವುದಿಲ್ಲ, ಆದರೆ ನುಡಿ ಅಥವಾ ಬರಹ ತಂತ್ರಾಂಶದ ಫಾಂಟ್‌ಗಳನ್ನು ಹಾಕಿಕೊಂಡ ಕಂಪ್ಯೂಟರ್ ಅಗಲ ಅಳೆಯುವ ಪರೀಕ್ಷೆಯಲ್ಲಿ ತಾನು ಕನ್ನಡದಲ್ಲಿ ಬರೆಯುವವರದೆಂದು ಹೇಳಿಬಿಡುತ್ತದೆ. ಸ್ವರಕ್ಷಣೆಯ ಪಾಠವನ್ನು ಅಕ್ಷರಶಃ ಪಾಲಿಸುವ ಕನ್ನಡಿಗ ಮಾಡಬೇಕಾದದ್ದು ಒಂದೇ, ಬ್ರೌಸರಿನಿಂದ ಕನ್ನಡವನ್ನು ತೆಗೆದುಹಾಕುವುದು. ತಾಯ್ನುಡಿಯನ್ನು ಬಿಟ್ಟುಕೊಟ್ಟು ಖಾಸಗಿತನವನ್ನು ಕೊಳ್ಳಬೇಕೆನ್ನುವ ಸಲಹೆ ಸಲಹೆಯಲ್ಲ, ಶಿಕ್ಷೆ.

ಹಾಗಾದರೆ ಸೋರಿಕೆ ತಡೆಯಲಾಗದ್ದೇ ಎಂದು ಕೇಳಿದರೆ, ತಡೆಯಬಹುದು, ಮತ್ತು ಹಲವು ಕಡೆ ತಡೆದದ್ದೂ ಇದೆ. ಆದರೆ ಪ್ರತಿ ಬಾರಿಯೂ ಅದು ನಡೆದದ್ದು ತಯಾರಕರ ಕೈಯಿಂದ. ಅನಾಮಧೇಯ ಬಳಕೆಗೆಂದೇ ರೂಪಿಸಿದ ಟಾರ್ ಬ್ರೌಸರ್ ಕಿಟಕಿಯ ಅಳತೆಯನ್ನು ಗೊತ್ತಾದ ಮೆಟ್ಟಿಲುಗಳಿಗೆ ಇಳಿಸಿ, ಎಲ್ಲರ ಗಡಿಯಾರವನ್ನೂ ಒಂದೇ ವಲಯದಲ್ಲಿ ತೋರಿಸಿ, ತನ್ನ ಬಳಕೆದಾರರೆಲ್ಲ ಆದಷ್ಟು ಒಂದೇ ಬಗೆಯಾಗಿ ಕಾಣುವಂತೆ ಮಾಡುತ್ತದೆ. ಸಫಾರಿ 2018ರಿಂದ ಬಳಕೆದಾರ ತಾನಾಗಿ ಹಾಕಿಕೊಂಡ ಫಾಂಟ್‌ಗಳನ್ನು ತಾಣಗಳಿಗೆ ತೋರಿಸದೆ, ಸಿಸ್ಟಂ ಜೊತೆ ಬಂದವನ್ನಷ್ಟೇ ತೋರಿಸತೊಡಗಿತು. ಬೆರಳಚ್ಚು ಸಂಗ್ರಹಿಸುವವೆಂದು ಗೊತ್ತಾದ ಕಂಪನಿಗಳ ಸ್ಕ್ರಿಪ್ಟ್‌ಗಳನ್ನು ಫೈರ್‌ಫಾಕ್ಸ್ 2020ರ ಜನವರಿಯಿಂದ ತಾನಾಗಿಯೇ ತಡೆಯುತ್ತಿದೆ. ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ತಾಣಗಳಿಗೆ ತಿಳಿಸುವ ಸೌಲಭ್ಯವೂ ಅಲ್ಪಕಾಲದ ಗುರುತಾಗಬಲ್ಲದೆಂದು 2015ರಲ್ಲಿ ಸಂಶೋಧಕರು ತೋರಿಸಿದ ಮೇಲೆ, 2017ರಲ್ಲಿ ಫೈರ್‌ಫಾಕ್ಸ್ ಆ ಸೌಲಭ್ಯವನ್ನೇ ಜಾಲತಾಣಗಳಿಗೆ ಮುಚ್ಚಿತು. ಈ ನಾಲ್ಕರಲ್ಲೂ ಬಳಕೆದಾರ ಯಾವ ಸೆಟ್ಟಿಂಗನ್ನೂ ತಿರುವಬೇಕಾಗಲಿಲ್ಲ, ಯಾವ ಪರೀಕ್ಷೆಗೂ ಕುಳಿತುಕೊಳ್ಳಬೇಕಾಗಲಿಲ್ಲ. ಎಲ್ಲರಿಗೂ ಒಟ್ಟಿಗೆ, ಕೇಳದೆಯೇ ಸಿಕ್ಕಾಗ ಮಾತ್ರ ರಕ್ಷಣೆ ನಿಜವಾದ ರಕ್ಷಣೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ತಯಾರಕರೆಲ್ಲರೂ ಈ ದಾರಿ ಹಿಡಿಯದಿರುವುದಕ್ಕೆ ಕಾರಣ ತಾಂತ್ರಿಕ ತೊಡಕು ಮಾತ್ರವಲ್ಲ. ಜಗತ್ತಿನ ಅತಿ ಹೆಚ್ಚು ಬಳಕೆಯ ಬ್ರೌಸರನ್ನು ತಯಾರಿಸುವ ಗೂಗಲ್‌ನ ಆದಾಯದ ದೊಡ್ಡ ಪಾಲು ಜಾಹೀರಾತಿನದು. ಆ ಸಂಸ್ಥೆ 2019ರ ಆಗಸ್ಟ್‌ನಲ್ಲಿ, ಬೆರಳಚ್ಚನ್ನು ಬಳಕೆದಾರರು ಅಳಿಸಲಾಗದ ಕಾರಣ ಅದು ಅವರ ಆಯ್ಕೆಯನ್ನು ಬುಡಮೇಲು ಮಾಡುತ್ತದೆ, ಅದು ತಪ್ಪು ಎಂದು ಸಾರ್ವಜನಿಕವಾಗಿ ಹೇಳಿತ್ತು. ಅದೇ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಜಾಹೀರಾತುದಾರರಿಗೆ ಅನ್ವಯಿಸುವ ತನ್ನ ನಿಯಮಗಳನ್ನು ತಿದ್ದಿ, 2025ರ ಫೆಬ್ರುವರಿ 16ರಿಂದ ಬೆರಳಚ್ಚಿನ ಮೇಲಿದ್ದ ನಿಷೇಧವನ್ನು ಸಡಿಲಿಸುವುದಾಗಿ ಪ್ರಕಟಿಸಿತು; ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಆ ನಡೆಯನ್ನು ಬೇಜವಾಬ್ದಾರಿಯದೆಂದು ಬಹಿರಂಗವಾಗಿ ಟೀಕಿಸಿತು. ಕ್ರೋಮ್‌ನ ಯೂಸರ್ ಏಜೆಂಟ್ ಸಾಲಿನಲ್ಲಿದ್ದ ವಿವರಗಳನ್ನು ಇದೇ ವರ್ಷಗಳಲ್ಲಿ ಮೊಟಕುಗೊಳಿಸಿದ ಒಳ್ಳೆಯ ಕೆಲಸವನ್ನೂ ಗೂಗಲ್ ಮಾಡಿದೆ ಎಂಬುದನ್ನು ಮರೆಯಬೇಕಿಲ್ಲ. ಆದರೆ ಐದು ವರ್ಷಗಳಲ್ಲಿ ತಪ್ಪು ಒಪ್ಪಾಗಬಲ್ಲದಾದರೆ, ಆ ವಿಷಯವನ್ನು ಕಂಪನಿಯ ಸದಿಚ್ಛೆಗೆ ಬಿಡುವುದಾಗಲಿ, ಅಂಥ ಕಂಪನಿಯೆದುರು ಒಬ್ಬಂಟಿ ಬಳಕೆದಾರನನ್ನು ನಿಲ್ಲಿಸಿ ಎಚ್ಚರದಿಂದಿರು ಎನ್ನುವುದಾಗಲಿ ನ್ಯಾಯವಲ್ಲ.

ನಾಲ್ಕನೆಯ ಮಾತು ಬ್ಯಾಂಕುಗಳದು, ಮತ್ತು ನಾಲ್ಕರಲ್ಲಿ ಹೆಚ್ಚು ಗಟ್ಟಿಯಾದದ್ದೂ ಅದೇ. ಗ್ರಾಹಕನ ಖಾತೆಗೆ ಹಿಂದೆಂದೂ ಕಾಣದ ಸಾಧನವೊಂದರಿಂದ ಲಾಗಿನ್ ಪ್ರಯತ್ನ ನಡೆದಾಗ ಅದನ್ನು ಗಮನಿಸಿ ಹೆಚ್ಚುವರಿ ಒಟಿಪಿ ಕೇಳುವುದು ಗ್ರಾಹಕನ ಹಿತಕ್ಕೇ ಒಳಿತು. ಆದರೆ ತನ್ನ ಗ್ರಾಹಕ ತನ್ನ ಪುಟಕ್ಕೆ ಬಂದಾಗ ಅವನಿಗೆ ತಿಳಿಸಿ ಬ್ಯಾಂಕು ಮಾಡುವ ಪರಿಶೀಲನೆಗೂ, ಸಂಬಂಧವೇ ಇಲ್ಲದ ಕಂಪನಿಯೊಂದು ಸಾವಿರಾರು ತಾಣಗಳ ಮೇಲೆ ಒಬ್ಬನನ್ನು ಹಿಂಬಾಲಿಸುವುದಕ್ಕೂ ಉದ್ದೇಶದಲ್ಲೇ ಅಂತರವಿದೆ. ಮೊದಲನೆಯದರ ಹೆಸರಿನಲ್ಲಿ ಎರಡನೆಯದಕ್ಕೆ ಪರವಾನಗಿ ಪಡೆಯುವುದು ಕುತರ್ಕ. ಅಲ್ಲದೆ ಬೆರಳಚ್ಚು ಅಷ್ಟು ಭದ್ರವಾದ ಬೀಗವೂ ಅಲ್ಲ. ಕದ್ದ ಪಾಸ್‌ವರ್ಡ್‌ಗಳ ಜೊತೆಗೆ ಬಲಿಯಾದವರ ಬ್ರೌಸರ್ ಬೆರಳಚ್ಚುಗಳನ್ನೂ ಮಾರಿ, ಕೊಂಡವರು ಆ ವ್ಯಕ್ತಿಯಂತೆಯೇ ಬ್ಯಾಂಕಿಗೆ ಕಾಣಿಸಿಕೊಳ್ಳಲು ನೆರವಾಗುತ್ತಿದ್ದ ಜೆನೆಸಿಸ್ ಮಾರ್ಕೆಟ್ ಎಂಬ ಕಳ್ಳಸಂತೆಯನ್ನು ಹಲವು ದೇಶಗಳ ಪೊಲೀಸರು ಸೇರಿ 2023ರ ಏಪ್ರಿಲ್‌ನಲ್ಲಿ ಮುಚ್ಚಿಸಿದರು. ಬೆರಳಚ್ಚು ಹೆಚ್ಚು ಕಡೆ ಸಂಗ್ರಹವಾದಷ್ಟೂ ಕದಿಯುವ ಅವಕಾಶವೂ ಹೆಚ್ಚುತ್ತದೆ, ಮತ್ತು ಕಳುವಾದ ಪಾಸ್‌ವರ್ಡನ್ನು ಬದಲಿಸಿದಷ್ಟು ಸುಲಭವಾಗಿ ಸಾಧನದ ಸ್ವಭಾವವನ್ನು ಬದಲಿಸಲಾಗದು.

ಉಳಿದದ್ದು ಕಾನೂನಿನ ಪ್ರಶ್ನೆ. ಯುರೋಪಿನಲ್ಲಿ ದತ್ತಾಂಶ ಸಂರಕ್ಷಣಾ ಪ್ರಾಧಿಕಾರಗಳ ಕೂಟ 2014ರಲ್ಲೇ, ಕುಕಿಗೆ ಬೇಕಾದ ಸಮ್ಮತಿ ಬೆರಳಚ್ಚಿಗೂ ಬೇಕೆಂಬ ಅಭಿಪ್ರಾಯ ಕೊಟ್ಟಿತು. 2018ರಿಂದ ಜಾರಿಯಲ್ಲಿರುವ ಅಲ್ಲಿನ ದತ್ತಾಂಶ ನಿಯಮದ ಪೀಠಿಕೆಯೂ ಸಾಧನಗಳು ಬಿಡುವ ಗುರುತುಗಳಿಂದ ವ್ಯಕ್ತಿಯನ್ನು ಪತ್ತೆಹಚ್ಚಬಹುದೆಂಬುದನ್ನು ಹೆಸರಿಸಿ ಹೇಳುತ್ತದೆ. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ. ಆ ತೀರ್ಪಿನ ಹಿನ್ನೆಲೆಯಲ್ಲಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯನ್ನು ಗುರುತಿಸಬಹುದಾದ ಯಾವುದೇ ದತ್ತಾಂಶವನ್ನು ವೈಯಕ್ತಿಕವೆನ್ನುತ್ತದೆ, ಮಕ್ಕಳನ್ನು ಹಿಂಬಾಲಿಸುವುದನ್ನು ನಿಷೇಧಿಸುತ್ತದೆ, 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಆದರೆ ಸಾಧನದ ಗುರುತುಗಳನ್ನು ಅದು ಎಲ್ಲಿಯೂ ಹೆಸರಿಸುವುದಿಲ್ಲ. ಸಂಗ್ರಹಿಸಿದ್ದು ಸಾಧನದ ವಿವರ, ವ್ಯಕ್ತಿಯದಲ್ಲ ಎಂಬ ಪೂರ್ವಪಕ್ಷದ ಮೊದಲ ಮಾತನ್ನೇ ಕಂಪನಿಯೊಂದು ನಾಳೆ ಆ ಕಾಯ್ದೆಯಡಿಯ ಮಂಡಳಿಯೆದುರು ಪ್ರತಿವಾದವಾಗಿ ಇಡಲು ಈ ಮೌನ ಅವಕಾಶ ಕೊಡುತ್ತದೆ. ಹತ್ತು ವರ್ಷದ ಮಗು ಪಾಠಕ್ಕೆಂದು ಬಳಸುವ ಅಪ್ಪನ ಫೋನಿಗೆ ಆಗ ಮಕ್ಕಳ ಹೆಸರಿನ ರಕ್ಷಣೆ ಸಿಗುವುದೋ ಇಲ್ಲವೋ ಎಂಬುದೂ ಅನಿಶ್ಚಿತವಾಗುತ್ತದೆ.

ಇಷ್ಟರಿಂದ ಪರೀಕ್ಷಾ ತಾಣಗಳು ನಿಷ್ಪ್ರಯೋಜಕವೆಂದು ಹೇಳಿದಂತಾಗದು. 2010ರ ಪರೀಕ್ಷೆ ನಡೆಯದಿದ್ದರೆ ಬೆರಳಚ್ಚಿನ ಪ್ರಮಾಣ ಜನರಿಗೆ ತಿಳಿಯುತ್ತಿರಲಿಲ್ಲ, ತಯಾರಕರ ಮೇಲೆ ಒತ್ತಡವೂ ಬೀಳುತ್ತಿರಲಿಲ್ಲ. ಪ್ಯಾನೊಪ್ಟಿಕ್ಲಿಕ್ 2020ರಿಂದ ಕವರ್ ಯುವರ್ ಟ್ರ್ಯಾಕ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿಗೆ ಹೋಗಿ ತನ್ನ ಬ್ರೌಸರ್ ಹೇಳುವುದನ್ನೆಲ್ಲ ಒಮ್ಮೆ ಓದಿಕೊಳ್ಳುವುದು ಯಾವ ಓದುಗನಿಗೂ ನಷ್ಟದ ಕೆಲಸವಲ್ಲ. ಆ ಪರೀಕ್ಷೆಯ ಫಲಿತಾಂಶವನ್ನು ಔಷಧದ ಚೀಟಿಯೆಂದು ತಿಳಿದು ಬಳಕೆದಾರನ ಕೈಗೆ ಕೊಟ್ಟು ಕಳುಹಿಸುವುದು ಮಾತ್ರ ತಪ್ಪು. ಅದು ತಯಾರಕರ ಮತ್ತು ನಿಯಂತ್ರಕರ ಮುಂದೆ ಇಡಬೇಕಾದ ಸಾಕ್ಷ್ಯ. ಆದುದರಿಂದ ಬೇಡಿಕೆಗಳು ಹೀಗಿರಬೇಕು: ಬ್ರೌಸರ್ ತಾನಾಗಿ ಕೊಡುವ ಉತ್ತರಗಳು ಪುಟವನ್ನು ತೋರಿಸಲು ಬೇಕಾದಷ್ಟಕ್ಕೇ ಸೀಮಿತವಾಗಬೇಕು, ಬಳಕೆದಾರ ಹಾಕಿಕೊಂಡ ಫಾಂಟ್‌ಗಳು ತಾಣಗಳಿಗೆ ಕಾಣದಂತಾಗಬೇಕು, ಕನ್ನಡದಂಥ ಭಾಷೆಯ ಆಯ್ಕೆ ಆ ಭಾಷೆಯಲ್ಲಿ ಪುಟ ಕೊಡಬಲ್ಲ ತಾಣಕ್ಕೆ ಮಾತ್ರ ತಿಳಿಯಬೇಕು, ಬೆರಳಚ್ಚು ವೈಯಕ್ತಿಕ ದತ್ತಾಂಶವೇ ಎಂದು ಭಾರತದ ಕಾನೂನು ಬಾಯಿಬಿಟ್ಟು ಹೇಳಬೇಕು. ಕನ್ನಡದ ಪತ್ರಿಕೆಗಳೂ ಜಾಗೃತಿ ಕಾರ್ಯಕ್ರಮಗಳೂ ಕುಕಿ ಅಳಿಸುವ ಉಪದೇಶಕ್ಕೆ ಕೊಡುವ ಜಾಗದ ಅರ್ಧವನ್ನಾದರೂ ಈ ಬೇಡಿಕೆಗಳಿಗೆ ಕೊಟ್ಟರೆ, ಸಾಮಾನ್ಯ ಓದುಗನಿಗೆ ಅದರಿಂದ ಆಗುವ ಉಪಕಾರ ಯಾವ ಸೆಟ್ಟಿಂಗ್‌ನಿಂದಲೂ ಆಗದು.